ಸ್ಟಾಕ್ ಎಂಜಿನ್ ಎಷ್ಟು ತಡೆದೀತು? ಪೋಲೊ 1.0 ಟಿಎಸ್‌ಐ ಟ್ಯೂನಿಂಗ್ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನ್ನಲ್ಲಿ 2021ರ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಮ್ಯಾನ್ಯುಯಲ್ ಕಾರಿದೆ. ಐವತ್ತು ಸಾವಿರ ಕಿಲೋಮೀಟರ್ ಓಡಿದೆ, ವಾರಂಟಿ ಮುಗಿದಿದೆ. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿಯ ಮೂಲಕ ಮಂಗಳೂರಿಗೆ ಆಗಾಗ ಹೋಗಿಬರುತ್ತೇನೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಡುವ ಒಬ್ಬ ಟ್ಯೂನರ್ ಸಾಫ್ಟ್‌ವೇರ್ ಮಾತ್ರ ಬದಲಿಸಿ 145 ಅಶ್ವಶಕ್ತಿ ಮತ್ತು 240 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ದೊಡ್ಡ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿದರೆ 180 ಅಶ್ವಶಕ್ತಿ ಬರುತ್ತದೆ, ಎಂಜಿನ್ನಿನ ಒಳಭಾಗಗಳನ್ನು ಮುಟ್ಟಬೇಕಾಗಿಲ್ಲ ಎನ್ನುತ್ತಾರೆ. ಸ್ಟಾಕ್ ಭಾಗಗಳು, ಅಂದರೆ ಕಾರ್ಖಾನೆಯಿಂದಲೇ ಬಂದ ಮೂಲ ಭಾಗಗಳು, ನಿಜಕ್ಕೂ ಎಷ್ಟು ತಡೆಯುತ್ತವೆ? ಮೊದಲು ಸೋಲುವುದು ಯಾವುದು? ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದ ಏನಾದರೂ ತೊಂದರೆಯಿದೆಯೆ?

ಉತ್ತರ: ಇಬ್ಬರು ಟ್ಯೂನರ್‌ಗಳೂ ಅಶ್ವಶಕ್ತಿಯ ಅಂಕಿಯನ್ನು ಮುಂದಿಟ್ಟು ಮಾತನಾಡಿದ್ದಾರೆ. ಆದರೆ ಸ್ಟಾಕ್ ಭಾಗಗಳು ಬಹುಮಟ್ಟಿಗೆ ಸೋಲುವುದು ಟಾರ್ಕ್‌ಗೆ, ಅಂದರೆ ತಿರುಗಿಸುವ ಬಲಕ್ಕೆ, ಅದರಲ್ಲೂ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಒಮ್ಮೆಲೇ ಏರುವ ಟಾರ್ಕ್‌ಗೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಓಡುವ, ಘಾಟಿ ಹತ್ತುವ, ಒಳಭಾಗಗಳನ್ನು ಬಿಚ್ಚದ ನಿಮ್ಮ ಕಾರಿಗೆ ಗರಿಷ್ಠ ಟಾರ್ಕ್ 200 ನ್ಯೂಟನ್ ಮೀಟರ್‌ನ ಆಸುಪಾಸಿನಲ್ಲಿರಲಿ; ಅದು 2,200 ಆರ್‌ಪಿಎಂಗಿಂತ ಮೊದಲು ಪೂರ್ತಿಯಾಗಿ ಬರದಿರಲಿ; ಬಂದ ಮೇಲೆ 4,500ರಿಂದ 5,000 ಆರ್‌ಪಿಎಂವರೆಗೆ ಹೆಚ್ಚು ಕುಸಿಯದೆ ನಿಲ್ಲಲಿ. ಹೀಗೆ ಬರೆದ ಮ್ಯಾಪ್‌ನಿಂದ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ಹಾಕುವ ಸಾಫ್ಟ್‌ವೇರ್‌ನಿಂದ, 130ರಿಂದ 135 ಅಶ್ವಶಕ್ತಿ ಸಿಗುತ್ತದೆ. 240 ನ್ಯೂಟನ್ ಮೀಟರ್‌ನ ಪ್ರಸ್ತಾವವನ್ನು ನಾನಾದರೆ ಒಪ್ಪುವುದಿಲ್ಲ. 180 ಅಶ್ವಶಕ್ತಿಯನ್ನಂತೂ ಈ ಕಾರಿನಲ್ಲಿ ಬಯಸಬೇಡಿ ಎಂದೇ ಹೇಳುತ್ತೇನೆ.

ಲೆಕ್ಕದಿಂದಲೇ ಆರಂಭಿಸೋಣ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಮೆಟ್ರಿಕ್ ಅಶ್ವಶಕ್ತಿ ಬರುತ್ತದೆ. 5,000 ಆರ್‌ಪಿಎಂನಲ್ಲಿ 145 ಅಶ್ವಶಕ್ತಿ ಬೇಕಿದ್ದರೆ ಆ ವೇಗದಲ್ಲಿ ಸುಮಾರು 204 ನ್ಯೂಟನ್ ಮೀಟರ್ ಇದ್ದರೆ ಸಾಕು. ಅಂದರೆ ಮೊದಲ ಟ್ಯೂನರ್ ಹೇಳುವ 240 ಆ 145ಕ್ಕೆ ಅಗತ್ಯವೇ ಇಲ್ಲ. 2,000 ಆರ್‌ಪಿಎಂನಲ್ಲಿ 240 ನ್ಯೂಟನ್ ಮೀಟರ್ ಬಂದರೂ ಅಲ್ಲಿ ಸಿಗುವುದು 68 ಅಶ್ವಶಕ್ತಿ ಮಾತ್ರ. ಆಕ್ಸಿಲರೇಟರ್ ಒತ್ತಿದ ಕೂಡಲೇ ಬೆನ್ನು ಸೀಟಿಗೆ ಒತ್ತಿದಂತಾಗುವ ಆ ಅನುಭವಕ್ಕಾಗಿ ಹೆಚ್ಚಿನ ಮ್ಯಾಪ್‌ಗಳು ಟಾರ್ಕ್ ಅನ್ನು ಕೆಳಗೇ ತುಂಬಿಸುತ್ತವೆ, ಏಕೆಂದರೆ ಟೆಸ್ಟ್ ಡ್ರೈವ್‌ನಲ್ಲಿ ಗ್ರಾಹಕರನ್ನು ಒಲಿಸುವುದು ಅದೇ. ಅದರ ಬೆಲೆಯನ್ನು ಕ್ಲಚ್, ಗೇರ್‌ಬಾಕ್ಸ್ ಮತ್ತು ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳು ತೆರುತ್ತವೆ.

ನಿಮ್ಮ ಎಂಜಿನ್ ಫೋಕ್ಸ್‌ವ್ಯಾಗನ್‌ನ ಇಎ211 ಕುಟುಂಬದ್ದು. ಮೂರು ಸಿಲಿಂಡರ್, 999 ಸಿಸಿ, 74.5 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ), 76.4 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ಬ್ಲಾಕ್ ಅಲ್ಯೂಮಿನಿಯಂ ಎರಕದ್ದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನ ಒಳಗೇ ಅಡಕವಾಗಿದೆ. ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಂಪಡಣೆಯಾಗುತ್ತದೆ. 2020ರಲ್ಲಿ ಭಾರತದ ಪೋಲೊಗೆ ಬಂದಾಗ ಇದರ ಶಕ್ತಿ 110 ಅಶ್ವಶಕ್ತಿ, ಟಾರ್ಕ್ 1,750ರಿಂದ 4,000 ಆರ್‌ಪಿಎಂವರೆಗೆ 175 ನ್ಯೂಟನ್ ಮೀಟರ್. ಇದೇ ಕುಟುಂಬದ ಒಂದು ಲೀಟರ್ ಎಂಜಿನ್ ಯುರೋಪಿನಲ್ಲಿ 2018ರ ಅಪ್ ಜಿಟಿಐ ಕಾರಿನಲ್ಲಿ 115 ಅಶ್ವಶಕ್ತಿಯನ್ನೂ 200 ನ್ಯೂಟನ್ ಮೀಟರ್ ಟಾರ್ಕ್ ಅನ್ನೂ ಕಾರ್ಖಾನೆಯ ವಾರಂಟಿಯೊಂದಿಗೇ ಕೊಡುತ್ತಿತ್ತು. ನಾನು 200 ಎಂಬ ಅಂಕಿಯನ್ನು ಆಯ್ದುಕೊಂಡದ್ದು ಇದರ ಆಧಾರದ ಮೇಲೆ. ಒಂದೇ ಕುಟುಂಬ ಎಂದ ಮಾತ್ರಕ್ಕೆ ಎರಡು ಮಾರುಕಟ್ಟೆಗಳ ಪ್ರತಿಯೊಂದು ಭಾಗವೂ ಒಂದೇ ಎಂದು ಭಾವಿಸಬಾರದು. ಅಲ್ಲಿನ ಸಾಮಾನ್ಯ ಪೆಟ್ರೋಲ್ 95 ಆಕ್ಟೇನ್‌ನದು (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ), ನಿಮ್ಮ ಕಾರು ರೂಪುಗೊಂಡ ಕಾಲಕ್ಕೆ ಇಲ್ಲಿನದು 91ರದ್ದು. ಆದರೂ ಮೂಲ ವಿನ್ಯಾಸಕಾರರು ಯಾವ ಮಟ್ಟದ ಹೊರೆಯನ್ನು ಲಕ್ಷಾಂತರ ಕಿಲೋಮೀಟರ್‌ಗಳ ಬಾಳಿಕೆಗೆ ತಕ್ಕದ್ದೆಂದು ಒಪ್ಪಿದ್ದರು ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇರೆ ಸಿಗದು.

ಎಂಜಿನ್ನಿನ ಮೇಲಿನ ಹೊರೆಯನ್ನು ಬೇರೆ ಬೇರೆ ಗಾತ್ರದ ಎಂಜಿನ್‌ಗಳೊಂದಿಗೆ ಹೋಲಿಸಿ ನೋಡಲು ಸರಾಸರಿ ಪರಿಣಾಮಕಾರಿ ಒತ್ತಡ ಎಂಬ ಅಳತೆಯಿದೆ. ಟಾರ್ಕ್ ಅನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿದರೆ ಬರುವ ಈ ಅಂಕಿಯು ಪ್ರತಿ ಪವರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಸರಾಸರಿ ಎಷ್ಟು ಒತ್ತಡದಲ್ಲಿ ದುಡಿಯುತ್ತಿದೆ ಎಂಬುದನ್ನು ತಿಳಿಸುತ್ತದೆ. 175 ನ್ಯೂಟನ್ ಮೀಟರ್‌ನಲ್ಲಿ ನಿಮ್ಮ ಎಂಜಿನ್ನಿನದು 22 ಬಾರ್. 200 ಆದರೆ 25 ಬಾರ್. 240 ಆದರೆ 30 ಬಾರ್ ದಾಟುತ್ತದೆ. ಮರ್ಸಿಡಿಸ್ ಎಎಂಜಿ ಎ45 ಎಸ್ ಕಾರಿನ ಎಂ139 ಎಂಜಿನ್ ಎರಡು ಲೀಟರ್‌ನಲ್ಲಿ 500 ನ್ಯೂಟನ್ ಮೀಟರ್ ಕೊಡುತ್ತದೆ. ಅದರ ಲೆಕ್ಕ 31.6 ಬಾರ್. ಆ ಹೊರೆಗಾಗಿ ಅವರು ಅದಕ್ಕೆ ಫೋರ್ಜ್ಡ್ (ಎರಕ ಹೊಯ್ಯದೆ ಕುಟ್ಟಿ ರೂಪಿಸಿದ) ಪಿಸ್ಟನ್‌ಗಳನ್ನೂ, ಫೋರ್ಜ್ಡ್ ಉಕ್ಕಿನ ಕ್ರ್ಯಾಂಕ್‌ಶಾಫ್ಟನ್ನೂ, ಸಿಲಿಂಡರ್‌ಗಳ ಮೇಲ್ಭಾಗ ಸುತ್ತಲೂ ಬಿಗಿದುಕೊಂಡಿರುವ ಕ್ಲೋಸ್ಡ್ ಡೆಕ್ ಬ್ಲಾಕನ್ನೂ ಕೊಟ್ಟಿದ್ದಾರೆ. ನಿಮ್ಮ ಬ್ಲಾಕ್ ಆ ಬಿಗಿತವಿಲ್ಲದ ಓಪನ್ ಡೆಕ್ ವಿನ್ಯಾಸದ್ದು. ಬರೀ ಸಾಫ್ಟ್‌ವೇರ್ ಎಂದು ಹೇಳುವ 240 ನ್ಯೂಟನ್ ಮೀಟರ್‌ನ ಮ್ಯಾಪ್ ನಿಮ್ಮ ಪುಟ್ಟ ಎಂಜಿನ್ನಿನಿಂದ ಪ್ರತಿ ಸಿಸಿಗೆ ಬಹುತೇಕ ಅದೇ ಹೊರೆಯನ್ನು ಕೇಳುತ್ತಿದೆ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ಈ ಹೊರೆ ಕಡಿಮೆ ಆರ್‌ಪಿಎಂನಲ್ಲಿ ಏಕೆ ಹೆಚ್ಚು ಅಪಾಯಕಾರಿ ಎಂಬುದನ್ನು ನೋಡೋಣ. 74.5 ಮಿಲಿಮೀಟರ್ ಬೋರ್‌ನ ಪಿಸ್ಟನ್ನಿನ ಮೇಲ್ಮೈ ಸುಮಾರು 43.6 ಚದರ ಸೆಂಟಿಮೀಟರ್. ಸಿಲಿಂಡರಿನಲ್ಲಿ ಒತ್ತಡ 100 ಬಾರ್‌ಗೆ ಏರಿದ ಕ್ಷಣದಲ್ಲಿ ಕನೆಕ್ಟಿಂಗ್ ರಾಡ್‌ನ ಮೇಲೆ ನಾಲ್ಕೂವರೆ ಟನ್‌ಗೆ ಹತ್ತಿರದ ಭಾರ ಬೀಳುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿರುವಾಗ ಪಿಸ್ಟನ್ನಿನ ಜಡತ್ವ ಆ ಕ್ಷಣದಲ್ಲಿ ಮೇಲ್ಮುಖವಾಗಿ ಎಳೆಯುತ್ತಿರುತ್ತದೆಯಾದ್ದರಿಂದ ಅನಿಲದ ಒತ್ತಡದ ಒಂದು ಪಾಲು ಅಲ್ಲೇ ವಜಾ ಆಗುತ್ತದೆ. ಈ ಜಡತ್ವ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 2,000ದಲ್ಲಿ ಇರುವುದು 5,000ದಲ್ಲಿ ಇರುವುದರ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ 2,000 ಆರ್‌ಪಿಎಂನ ಪೂರ್ಣ ಬೂಸ್ಟ್‌ನಲ್ಲಿ (ಟರ್ಬೊ ತುಂಬುವ ಗಾಳಿಯ ಒತ್ತಡ) ರಾಡ್ ಬಹುತೇಕ ಇಡೀ ಭಾರವನ್ನು ಒಂಟಿಯಾಗಿ ಹೊರುತ್ತದೆ, ಅದೂ ಹೆಚ್ಚು ಹೊತ್ತು. ಸ್ಥೂಲವಾಗಿ, ರಾಡ್‌ಗಳನ್ನು ಬಗ್ಗಿಸುವುದು ಟಾರ್ಕ್, ರಾಡ್ ಬೋಲ್ಟ್‌ಗಳನ್ನು ಮುರಿಯುವುದು ಆರ್‌ಪಿಎಂ. ಕಾರ್ಖಾನೆಯ ರೆಡ್‌ಲೈನ್ ಅನ್ನು, ಅಂದರೆ ಗರಿಷ್ಠ ಆರ್‌ಪಿಎಂ ಮಿತಿಯನ್ನು, ಏರಿಸದೆ ಇದ್ದರೆ ಎರಡನೆಯದರ ಚಿಂತೆ ನಿಮಗಿಲ್ಲ. ಮೊದಲನೆಯದನ್ನು ನಿಯಂತ್ರಿಸುವುದು ಮ್ಯಾಪ್ ಬರೆಯುವವರ ಕೈಯಲ್ಲಿದೆ.

ಇದೇ ವಲಯದಲ್ಲಿ ಇನ್ನೊಂದು ಅಪಾಯವೂ ಇದೆ, ಮತ್ತು ನೇರ ಇಂಜೆಕ್ಷನ್‌ನ ಸಣ್ಣ ಟರ್ಬೊ ಎಂಜಿನ್‌ಗಳ ಮಟ್ಟಿಗೆ ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ. ಕಡಿಮೆ ವೇಗ ಮತ್ತು ಹೆಚ್ಚು ಹೊರೆಯಲ್ಲಿ, ಪ್ಲಗ್ ಕಿಡಿ ಕೊಡುವುದಕ್ಕೂ ಮುಂಚೆಯೇ, ಸಿಲಿಂಡರಿನಲ್ಲಿ ಸೇರಿಕೊಂಡ ಆಯಿಲ್‌ನ ಹನಿಯೋ ಕಾರ್ಬನ್ನಿನ ಚೂರೋ ಮಿಶ್ರಣವನ್ನು ಹೊತ್ತಿಸಿಬಿಡಬಹುದು. ಇದು ಸಾಮಾನ್ಯ ನಾಕಿಂಗ್‌ನಂತೆ, ಅಂದರೆ ಕಿಡಿಯ ನಂತರ ಉಳಿದ ಮಿಶ್ರಣ ತಾನಾಗಿ ಸಿಡಿಯುವಂತೆ, ಅಲ್ಲ. ಸಾಮಾನ್ಯ ನಾಕಿಂಗ್ ಆದಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಅನ್ನು, ಅಂದರೆ ಕಿಡಿ ಕೊಡುವ ಸಮಯವನ್ನು, ಹಿಂದಕ್ಕೆ ಸರಿಸಿ ಎಂಜಿನ್ ಅನ್ನು ಕಾಪಾಡುತ್ತದೆ. ಕಿಡಿಗೂ ಮುಂಚೆ ಉರಿ ಹತ್ತಿದಾಗ ಟೈಮಿಂಗ್ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಕಿಡಿಯ ಪಾತ್ರವೇ ಇಲ್ಲ. ಕೆಟ್ಟ ಒಂದೇ ಘಟನೆ ಪಿಸ್ಟನ್ನಿನ ರಿಂಗ್‌ಗಳ ನಡುವಿನ ಅಂಚನ್ನು ಒಡೆಯಬಲ್ಲದು. ಈ ಸಮಸ್ಯೆಯನ್ನು ಗಮನದಲ್ಲಿಟ್ಟೇ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನಿಂದ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಮತ್ತು 2020ರಲ್ಲಿ ಎಪಿಐ ಎಸ್‌ಪಿ ಎಂಬ ಆಯಿಲ್ ಮಾನದಂಡಗಳು ಬಂದವು. ಆಯಿಲ್‌ನಲ್ಲಿ ಸೇರಿಸುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಈ ಅಕಾಲಿಕ ಉರಿಯನ್ನು ಹೆಚ್ಚಿಸುತ್ತದೆ, ಮೆಗ್ನೀಸಿಯಂ ಆಧಾರಿತವಾದದ್ದು ಅಷ್ಟಾಗಿ ಹೆಚ್ಚಿಸುವುದಿಲ್ಲ ಎಂಬುದು ಈಗ ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದ ಕಾರಿನ ಕೈಪಿಡಿ ಹೇಳುವ ಫೋಕ್ಸ್‌ವ್ಯಾಗನ್ ಮಾನದಂಡವನ್ನೂ ಎಪಿಐ ಎಸ್‌ಪಿಯನ್ನೂ ಒಟ್ಟಿಗೆ ಪೂರೈಸುವ ಆಯಿಲ್ ಬಳಸಿ, ಕಂಪನಿ ಹೇಳುವ ಅಂತರದ ಅರ್ಧಕ್ಕೇ ಬದಲಿಸಿ. ಚಾಲನೆಯಲ್ಲಿಯೂ ಒಂದು ಅಭ್ಯಾಸ ಬೇಕು. ಸಂಪಾಜೆಯ ಏರಿನಲ್ಲಿ ಐದನೆಯ ಗೇರ್‌ನಲ್ಲಿ, 1,600 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಅನ್ನು ಪೂರ್ತಿ ಒತ್ತುವುದು, ಸೈಕಲ್ಲಿನ ದೊಡ್ಡ ಗೇರ್‌ನಲ್ಲೇ ದಿಬ್ಬ ಹತ್ತಲು ನಿಂತು ತುಳಿದಂತೆ. ಒತ್ತಡವೆಲ್ಲ ಕೀಲುಗಳಿಗೇ ಹೋಗುತ್ತದೆ. ಗೇರ್ ಇಳಿಸಿ, 2,500ಕ್ಕೆ ತಂದು, ನಂತರ ಒತ್ತಿ.

ಮೊದಲು ಸೋಲುವುದು ಯಾವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಕ್ಲಚ್. ಐವತ್ತು ಸಾವಿರ ಕಿಲೋಮೀಟರ್ ಓಡಿದ, ನಗರದ ಟ್ರಾಫಿಕ್ ಕಂಡ ಕ್ಲಚ್‌ನಲ್ಲಿ ಹೊಸದರ ಹಿಡಿತ ಇರುವುದಿಲ್ಲ. ಹಾಗೆ ನೋಡಿದರೆ ಸೋಲುವ ಭಾಗಗಳಲ್ಲಿ ಒಳ್ಳೆಯದು ಇದೇ, ಏಕೆಂದರೆ ಅದು ಮುರಿಯುವುದಿಲ್ಲ, ಜಾರುತ್ತದೆ, ಮುನ್ಸೂಚನೆ ಕೊಡುತ್ತದೆ. ಟ್ಯೂನ್ ಮಾಡಿಸುವ ಮೊದಲೇ ಖಾಲಿ ರಸ್ತೆಯ ಏರಿನಲ್ಲಿ, ನಾಲ್ಕನೆಯ ಗೇರ್‌ನಲ್ಲಿ, 2,000 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿ. ಸ್ಪೀಡೋಮೀಟರಿನ ಮುಳ್ಳಿಗಿಂತ ಆರ್‌ಪಿಎಂ ಮುಳ್ಳು ಬೇಗ ಓಡಿದರೆ ಕ್ಲಚ್ ಈಗಲೇ ಸಾಕು ಎನ್ನುತ್ತಿದೆ ಎಂದು ತಿಳಿಯಿರಿ. ಆಗ ಹೊಸ ಕ್ಲಚ್ ಹಾಕಿಸಿದ ನಂತರವೇ ರೀಮ್ಯಾಪ್‌ನ ಮಾತು. ಹಾಕಿಸುವಾಗ ಬಿಗಿಯಾದ ರೇಸಿಂಗ್ ಕ್ಲಚ್ ಬೇಡ. ಅದು ಜಾರದೆ ಹಿಡಿದುಕೊಂಡರೆ ಹೊಡೆತವೆಲ್ಲ ಮುಂದಿನ ಭಾಗಕ್ಕೆ, ಅಂದರೆ ಗೇರ್‌ಬಾಕ್ಸ್‌ಗೆ ದಾಟುತ್ತದೆ.

ಫೋಕ್ಸ್‌ವ್ಯಾಗನ್‌ನ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳ ಹೆಸರಿನಲ್ಲಿರುವ ಅಂಕಿ ಅವುಗಳ ವಿನ್ಯಾಸದ ಟಾರ್ಕ್ ಅನ್ನು ಸೂಚಿಸುತ್ತದೆ. ಸಣ್ಣ ಎಂಜಿನ್‌ಗಳ ಕಾರುಗಳಿಗೆ ಕೊಡುವ ಎಂಕ್ಯೂ200 ಎಂದರೆ 200 ನ್ಯೂಟನ್ ಮೀಟರ್. ಅಂಕಿ ದಾಟಿದ ಕ್ಷಣವೇ ಗೇರ್ ಹಲ್ಲು ಮುರಿಯುತ್ತದೆ ಎಂದಲ್ಲ. ವಿನ್ಯಾಸದಲ್ಲಿ ಒಂದಿಷ್ಟು ಮೀಸಲು ಇದ್ದೇ ಇರುತ್ತದೆ. ಆದರೆ ಆ ಮೀಸಲು ಇರುವುದು ಹೊಂಡದ ರಸ್ತೆಯಲ್ಲಿ ಚಕ್ರ ಎದ್ದು ಬಿದ್ದು ಮತ್ತೆ ಹಿಡಿತ ಪಡೆದಾಗಿನ ಹೊಡೆತಗಳಿಗಾಗಿ, ಅವಸರದಲ್ಲಿ ಬಿಟ್ಟ ಕ್ಲಚ್‌ಗಾಗಿ. ಅದನ್ನು ನಿತ್ಯದ ಟಾರ್ಕ್‌ಗೆ ಖರ್ಚು ಮಾಡಿದರೆ ಹೊಡೆತ ಬಂದಾಗ ಉಳಿಯುವುದು ಏನೂ ಇಲ್ಲ. ಒಂದು ಮತ್ತು ಎರಡನೆಯ ಗೇರ್‌ಗಳಲ್ಲಿ ಟಾರ್ಕ್ ಅನ್ನು ಸ್ಟಾಕ್ ಮಟ್ಟದಲ್ಲೇ ಉಳಿಸುವಂತೆ ಟ್ಯೂನರ್‌ಗೆ ಹೇಳಿ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಆ ಗೇರ್‌ಗಳ ಹೆಚ್ಚುವರಿ ಟಾರ್ಕ್ ಹೇಗೂ ಟೈರ್ ಸುಡುವುದಕ್ಕೇ ಹೋಗುತ್ತದೆ.

ಈಗ ಇಂಧನಕ್ಕೆ ಬರೋಣ. ಇ20 ಕುರಿತ ನಿಮ್ಮ ಪ್ರಶ್ನೆ ಟ್ಯೂನಿಂಗ್‌ನ ನಡುಮಧ್ಯಕ್ಕೇ ಕೈಯಿಡುತ್ತದೆ. ಈ ಎಂಜಿನ್ನಿನಲ್ಲಿ ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪ್ ಕ್ಯಾಮ್‌ಶಾಫ್ಟ್‌ನಿಂದ ಓಡುತ್ತದೆ. ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಅದು ಒದಗಿಸಬಲ್ಲ ಪೆಟ್ರೋಲ್‌ಗೆ ಒಂದು ಮಿತಿಯಿದೆ, ಮತ್ತು ಪ್ರತಿ ಸುತ್ತಿಗೆ ಎಷ್ಟು ಪೆಟ್ರೋಲ್ ಬೇಕೆಂಬುದನ್ನು ನಿರ್ಧರಿಸುವುದು ಟಾರ್ಕ್. ಇಂಜೆಕ್ಟರ್‌ಗೂ ಸಮಯದ ಮಿತಿಯಿದೆ: 5,500 ಆರ್‌ಪಿಎಂನಲ್ಲಿ ಇನ್‌ಟೇಕ್ ಸ್ಟ್ರೋಕ್ ಮುಗಿಯಲು ಐದೂವರೆ ಮಿಲಿಸೆಕೆಂಡ್ ಸಾಕು, ಪೆಟ್ರೋಲ್‌ನ ದೊಡ್ಡ ಪಾಲು ಅಷ್ಟರಲ್ಲೇ ಒಳಗೆ ಬರಬೇಕು. ಶುದ್ಧ ಪೆಟ್ರೋಲ್‌ನ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು. ಇ20ಗೆ ಇದು ಸುಮಾರು 13.5. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು ಎಂಬುದು ಇದರ ಅರ್ಥ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಹೋಲಿಸಿದರೆ ಗಾತ್ರದಲ್ಲಿ ಶೇ 7ರಿಂದ 8ರಷ್ಟು ಹೆಚ್ಚು. ಪಂಪ್ ಮತ್ತು ಇಂಜೆಕ್ಟರ್‌ಗಳಲ್ಲಿ ಟ್ಯೂನರ್ ಲೆಕ್ಕ ಹಾಕಿಕೊಂಡಿದ್ದ ಮೀಸಲಿನ ಒಂದು ಪಾಲನ್ನು ಬಂಕ್ ಆಗಲೇ ತೆಗೆದುಕೊಂಡಿದೆ. ಹಳೆಯ ಮ್ಯಾಪ್‌ಗಳನ್ನು, ಅಥವಾ ಯುರೋಪಿನ ಪೆಟ್ರೋಲ್‌ಗೆ ಬರೆದ ಸಿದ್ಧ ಮ್ಯಾಪ್‌ಗಳನ್ನು, ಇಲ್ಲಿ ಹಾಗೆಯೇ ಹಾಕಿಸಿಕೊಳ್ಳಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಎಥನಾಲ್‌ಗೆ ಒಳ್ಳೆಯ ಗುಣಗಳೂ ಇವೆ. ಅದರ ಆಕ್ಟೇನ್ ಪೆಟ್ರೋಲ್‌ಗಿಂತ ಬಹಳ ಹೆಚ್ಚು, ಆವಿಯಾಗುವಾಗ ಅದು ಸಿಲಿಂಡರಿನ ಗಾಳಿಯನ್ನು ಹೆಚ್ಚು ತಂಪುಗೊಳಿಸುತ್ತದೆ. ಎರಡೂ ನಾಕಿಂಗ್ ಅನ್ನು ತಗ್ಗಿಸುತ್ತವೆ. ಆದರೆ ನಿಮ್ಮ ಕಾರು ಇ20ಗೆ ಹೊಂದುವ ಭಾಗಗಳು ಹೊಸ ಕಾರುಗಳಲ್ಲಿ ಕಡ್ಡಾಯವಾಗುವ ಮುನ್ನ, ಅಂದರೆ 2023ರ ಏಪ್ರಿಲ್‌ಗಿಂತ ಮೊದಲು, ತಯಾರಾದದ್ದು. ರಬ್ಬರ್ ಪೈಪುಗಳು, ಸೀಲ್‌ಗಳನ್ನು ಪ್ರತಿ ಸರ್ವಿಸ್‌ನಲ್ಲಿ ಪರೀಕ್ಷಿಸುತ್ತಿರಬೇಕು. ಹೆಚ್ಚು ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲ್‌ಗಳು ನಗರಗಳ ಆಯ್ದ ಬಂಕ್‌ಗಳಲ್ಲಿ ಸಿಗುತ್ತವೆ, ನಿಜ. ಆದರೆ ಮ್ಯಾಪ್ ಬರೆಸಬೇಕಾದದ್ದು ನಿಮಗೆ ಸಿಗುವ ಅತ್ಯುತ್ತಮ ಪೆಟ್ರೋಲ್‌ಗೆ ಅಲ್ಲ, ಸುಳ್ಯದಲ್ಲಿಯೋ ಕುಶಾಲನಗರದಲ್ಲಿಯೋ ಅನಿವಾರ್ಯವಾಗಿ ಹಾಕಿಸಬೇಕಾಗಿ ಬರುವ ಸಾಧಾರಣ ಪೆಟ್ರೋಲ್‌ಗೆ. ಉತ್ತಮ ಪೆಟ್ರೋಲ್ ಹಾಕಿದ ದಿನ ಅದು ಎಂಜಿನ್ನಿಗೆ ಹೆಚ್ಚುವರಿ ರಕ್ಷಣೆಯಾಗಲಿ.

ಟರ್ಬೊದ ಮಿತಿಯ ವಿಷಯದಲ್ಲಿ ನಿಮ್ಮ ಮಾರ್ಗಕ್ಕೇ ಸಂಬಂಧಿಸಿದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಟ್ಯೂನರ್‌ಗಳು ಇದನ್ನು ಅಪರೂಪಕ್ಕೆ ಪ್ರಸ್ತಾಪಿಸುತ್ತಾರೆ. ಇಸಿಯು ಇನ್‌ಟೇಕ್‌ನಲ್ಲಿ ನಿಗದಿಪಡಿಸುವುದು ಒಟ್ಟು ಒತ್ತಡವನ್ನು. ಟ್ಯೂನ್ ಮಾಡಿದ ಮ್ಯಾಪ್ 2.1 ಬಾರ್ ಒಟ್ಟು ಒತ್ತಡ ಕೇಳುತ್ತದೆ ಎಂದಿಟ್ಟುಕೊಳ್ಳಿ. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 1.01 ಬಾರ್ ಇರುವುದರಿಂದ ಟರ್ಬೊ ಗಾಳಿಯನ್ನು 2.1 ಪಟ್ಟು ಒತ್ತಿದರೆ ಸಾಕು. ಮೈಸೂರಿನ ಎತ್ತರದಲ್ಲಿ ಹೊರಗಿನ ಒತ್ತಡ 0.92 ಬಾರ್‌ನಷ್ಟು, ಅಲ್ಲಿ ಸುಮಾರು 2.3 ಪಟ್ಟು ಬೇಕು. ಮಡಿಕೇರಿಯಲ್ಲಿ 2.4 ಪಟ್ಟು. ಮುಳ್ಳಯ್ಯನಗಿರಿಯ ರಸ್ತೆ ಏರಿದರೆ 2.6 ಪಟ್ಟನ್ನು ಸಮೀಪಿಸುತ್ತದೆ. ಚಾಲಕರಿಗೆ ಎಲ್ಲ ಕಡೆಯೂ ಪಿಕಪ್ ಒಂದೇ ಎನಿಸುತ್ತದೆ, ಆದರೆ ಅದಕ್ಕಾಗಿ ಟರ್ಬೊದ ಚಕ್ರ ಎತ್ತರದಲ್ಲಿ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ಈ ಗಾತ್ರದ ಟರ್ಬೊಗಳು ಮೊದಲೇ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥವು. ಮಂಗಳೂರಿನಲ್ಲಿ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಸುರಕ್ಷಿತವಾಗಿ ಕಂಡ ಮ್ಯಾಪ್ ಮಡಿಕೇರಿಯ ಏರಿನಲ್ಲಿ ಟರ್ಬೊವನ್ನು ಅದರ ವೇಗದ ಮಿತಿಯ ಆಚೆ ತಳ್ಳಬಹುದು. ಸ್ಟಾಕ್ ಮ್ಯಾಪ್‌ನಲ್ಲಿ ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಕೋಷ್ಟಕಗಳಿರುತ್ತವೆ. ಅವುಗಳನ್ನು ಮುಟ್ಟದೆ ಬಿಟ್ಟಿದ್ದೀರಾ ಎಂದು ನೇರವಾಗಿ ಕೇಳಿ. ಮುಟ್ಟಿದ್ದರೆ ಮೂಲದಂತೆ ಮಾಡಿಸಿ.

ಹೆಚ್ಚು ಒತ್ತಿದ ಗಾಳಿ ಹೆಚ್ಚು ಬಿಸಿಯಾಗುತ್ತದೆ. ಅದನ್ನು ತಣಿಸುವ ನಿಮ್ಮ ಕಾರಿನ ಇಂಟರ್‌ಕೂಲರ್ ಮುಂದಿನ ಬಂಪರ್‌ನಲ್ಲಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗೇ ಇದ್ದು, ಪ್ರತ್ಯೇಕ ಕೂಲಂಟ್ ಸುತ್ತಿನಿಂದ ತಂಪಾಗುತ್ತದೆ. ಬೂಸ್ಟ್ ಬೇಗ ಸಿಗಲು ಇದು ಉತ್ತಮ ವಿನ್ಯಾಸ. ಆದರೆ ಟ್ರಾಫಿಕ್‌ನಲ್ಲಿ ನಿಂತು, ಆ ಕೂಲಂಟ್ ಒಮ್ಮೆ ಬಿಸಿಯಾದರೆ ಮತ್ತೆ ತಣ್ಣಗಾಗಲು ಸಮಯ ಬೇಕು. ಸಂಪಾಜೆಯ ಬುಡದಲ್ಲಿ ಏಪ್ರಿಲ್ ತಿಂಗಳ ಸೆಕೆಯಲ್ಲಿ ಲಾರಿಗಳ ಹಿಂದೆ ತೆವಳಿ, ನಂತರ ಒಮ್ಮೆಲೇ ಪೂರ್ಣ ಬೂಸ್ಟ್ ಕೇಳುವ ಸನ್ನಿವೇಶವೇ ನಿಮ್ಮ ಕಾರಿನ ನಿಜವಾದ ಪರೀಕ್ಷೆ. ಮ್ಯಾಪ್ ಹಾಕಿದ ಮೇಲೆ ಇಂಥ ಒಂದು ಏರಿನಲ್ಲಿಯೇ ದತ್ತಾಂಶ ದಾಖಲಿಸಬೇಕು. ನೋಡಬೇಕಾದವು ನಾಲ್ಕು: ಇನ್‌ಟೇಕ್ ಗಾಳಿಯ ತಾಪ, ಪ್ರತಿ ಸಿಲಿಂಡರಿನಲ್ಲಿ ಇಸಿಯು ಹಿಂದಕ್ಕೆ ಸರಿಸಿದ ಟೈಮಿಂಗ್‌ನ ಪ್ರಮಾಣ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್ ಎಂಬ ಪೈಪಿನಲ್ಲಿ ಬೇಕಾದ ಒತ್ತಡ ಮತ್ತು ನಿಜವಾಗಿ ಇದ್ದ ಒತ್ತಡ, ಹಾಗೆಯೇ ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್. ಒಂದೆರಡು ಡಿಗ್ರಿ ಟೈಮಿಂಗ್ ಹಿಂಜರಿದು ಮರಳುವುದು ಸಹಜ. ಮೂರೂ ಸಿಲಿಂಡರ್‌ಗಳಲ್ಲಿ ಸತತವಾಗಿ ನಾಲ್ಕೈದು ಡಿಗ್ರಿ ಹಿಂಜರಿದಿದ್ದರೆ, ಅಥವಾ ರೈಲ್ ಒತ್ತಡ ಬೇಕಾದದ್ದಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ, ಡೈನೊ ಹಾಳೆ ಎಷ್ಟೇ ಚೆನ್ನಾಗಿದ್ದರೂ ಆ ಮ್ಯಾಪ್ ನಿಮ್ಮ ಕಾರಿಗಲ್ಲ.

ಡೈನೊ ಹಾಳೆಯ ಬಗ್ಗೆಯೂ ಎಚ್ಚರ ಬೇಕು. ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡ ಕಡಿಮೆಯೆಂದು ಡೈನೊ ಸಾಫ್ಟ್‌ವೇರ್ ಫಲಿತಾಂಶಕ್ಕೆ ಒಂದು ತಿದ್ದುಪಡಿ ಸೇರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ಸರಿ. ಬೂಸ್ಟ್ ಅನ್ನು ತಾನೇ ಸರಿಹೊಂದಿಸಿಕೊಳ್ಳುವ ಟರ್ಬೊ ಎಂಜಿನ್ ಕಳೆದುಕೊಳ್ಳದ ಶಕ್ತಿಯನ್ನೂ ಅದು ಸೇರಿಸಿ ತೋರಿಸುತ್ತದೆ. ಮೈಸೂರು, ಬೆಂಗಳೂರುಗಳಲ್ಲಿ ಈ ಉಬ್ಬರ ಶೇ 10ರ ಹತ್ತಿರಕ್ಕೂ ಹೋಗಬಹುದು. ತಿದ್ದುಪಡಿ ಇಲ್ಲದ ಹಾಳೆಯನ್ನೂ ಕೇಳಿ ಪಡೆಯಿರಿ, ಟ್ಯೂನ್‌ಗೆ ಮೊದಲು ಮತ್ತು ನಂತರ ಒಂದೇ ಡೈನೊ ಮೇಲೆ ಅಳೆಯಿಸಿ.

ಸೆನ್ಸರ್ ವೈರ್‌ಗೆ ಸಿಕ್ಕಿಸುವ ಅಗ್ಗದ ಟ್ಯೂನಿಂಗ್ ಬಾಕ್ಸ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅವು ಬೂಸ್ಟ್ ಕಡಿಮೆಯಿದೆ ಎಂದು ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಬೂಸ್ಟ್ ಪಡೆಯುತ್ತವೆ. ಎಂಜಿನ್ನಿನ ರಕ್ಷಣೆಗಿರುವ ಲೆಕ್ಕಗಳೆಲ್ಲ ಆಗ ತಪ್ಪು ಅಂಕಿಗಳ ಮೇಲೆ ನಡೆಯುತ್ತವೆ.

ಎರಡನೆಯ ಪ್ರಸ್ತಾವ, 180 ಅಶ್ವಶಕ್ತಿಯದು. ದೊಡ್ಡ ಟರ್ಬೊದಿಂದ 6,000 ಆರ್‌ಪಿಎಂನಲ್ಲಿ 211 ನ್ಯೂಟನ್ ಮೀಟರ್ ಪಡೆದರೆ ಕಾಗದದ ಮೇಲೆ 180 ಬರುತ್ತದೆ, ಮತ್ತು ಒಳಭಾಗಗಳನ್ನು ಮುಟ್ಟಬೇಕಿಲ್ಲ ಎಂದು ಆ ಟ್ಯೂನರ್ ಹೇಳುತ್ತಿರುವುದು ಬಹುಶಃ ಈ ಲೆಕ್ಕದಿಂದ. ಆದರೆ ಸ್ಟಾಕ್ ಎಂಜಿನ್ 5,000ದ ಆಚೆ ಪ್ರತಿ ಸುತ್ತಿಗೆ ಸುಮಾರು 147 ನ್ಯೂಟನ್ ಮೀಟರ್‌ನಷ್ಟಕ್ಕೆ ಮಾತ್ರ ಪೆಟ್ರೋಲ್ ಉರಿಸುತ್ತದೆ. ಅದಕ್ಕಿಂತ ಹೆಚ್ಚಿನ ವೇಗದಲ್ಲಿ, ಇನ್ನೂ ಕಿರಿದಾದ ಸಮಯದಲ್ಲಿ, ಶೇ 40ಕ್ಕೂ ಹೆಚ್ಚು ಪೆಟ್ರೋಲ್ ಒದಗಿಸುವುದು ಸ್ಟಾಕ್ ಪಂಪ್ ಮತ್ತು ಇಂಜೆಕ್ಟರ್‌ಗಳಿಂದ, ಅದೂ ಇ20 ಇರುವಾಗ, ನಿರೀಕ್ಷಿಸುವ ಮಾತಲ್ಲ. ಹೆಡ್‌ನೊಳಗಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಶಾಖವೆಲ್ಲ ಕೂಲಂಟ್‌ಗೆ ಸೇರುವುದರಿಂದ ರೇಡಿಯೇಟರ್ ಕೂಡ ಸಾಲದಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಟರ್ಬೊ ಬೂಸ್ಟ್ ಕಟ್ಟಿಕೊಳ್ಳುವುದು ತಡವಾಗಿ. ಘಾಟಿಯ ತಿರುವಿನಿಂದ 2,500 ಆರ್‌ಪಿಎಂನಲ್ಲಿ ಹೊರಬರುವಾಗ ನಿಮ್ಮ ಕಾರು ಇಂದಿಗಿಂತ ನಿಧಾನವಾಗುತ್ತದೆ. ಪಂಪ್, ಇಂಜೆಕ್ಟರ್, ಕ್ಲಚ್, ಕೂಲಿಂಗ್, ಕೊನೆಗೆ ರಾಡ್ ಮತ್ತು ಪಿಸ್ಟನ್‌ಗಳ ಖರ್ಚನ್ನು ಕೂಡಿಸಿದರೆ ಇನ್ನೊಂದು ಕಾರಿನ ಕಡೆ ನೋಡುವುದು ಲೇಸು. ಅದೇ ಕಂಪನಿಯ ವರ್ಟಸ್ ಮತ್ತು ಟೈಗುನ್‌ಗಳ 1.5 ಟಿಎಸ್‌ಐ ಎಂಜಿನ್ 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಕೊಡುತ್ತದೆ. ಮೇಲಿನ ಅಳತೆಯಲ್ಲಿ ಅದರ ಹೊರೆ 21 ಬಾರ್, ಅಂದರೆ ನಿಮ್ಮ ಪೋಲೊದ ಸ್ಟಾಕ್ ಹೊರೆಗಿಂತಲೂ ಒಂದು ಬಾರ್ ಕಡಿಮೆ.

ಶಕ್ತಿ ಹೆಚ್ಚಿಸುವ ಹಣದಲ್ಲಿ ಒಂದು ಪಾಲನ್ನು ಬ್ರೇಕ್‌ಗೆ ಮೀಸಲಿಡಿ. ನಿಮ್ಮ ಪೋಲೊದ ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್‌ಗಳಿವೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಮುಂದಿನ ಡಿಸ್ಕ್‌ಗಳೇ ಹೆಚ್ಚಿನ ಶಾಖವನ್ನು ತಾಳಬೇಕು. ಎರಡು ವರ್ಷ ಹಳೆಯದಾದ ಬ್ರೇಕ್ ಫ್ಲೂಯಿಡ್ ತೇವ ಹೀರಿಕೊಂಡು ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಹೊಸ ಫ್ಲೂಯಿಡ್, ಉತ್ತಮ ಪ್ಯಾಡ್‌ಗಳು ಮತ್ತು ಮಳೆಗಾಲಕ್ಕೆ ಮುನ್ನ ಒಳ್ಳೆಯ ಟೈರ್‌ಗಳು ರೀಮ್ಯಾಪ್‌ಗಿಂತ ಮೊದಲು ಆಗಬೇಕಾದವು.

ಕಾನೂನಿನ ಸ್ಥಿತಿಯನ್ನೂ ತಿಳಿದುಕೊಂಡೇ ನಿರ್ಧರಿಸಿ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಕ್ಲೇಮ್ ಸಮಯದಲ್ಲಿ ತಕರಾರಿಗೆ ಕಾರಣವಾಗಬಹುದು. ಆದ್ದರಿಂದ ಮೊದಲು ಲಿಖಿತವಾಗಿ ವಿಚಾರಿಸಿ.

ಇಷ್ಟೆಲ್ಲ ತಿಳಿದೂ ಮುಂದುವರಿಯುವುದಾದರೆ, ಟ್ಯೂನರ್ ಬಳಿ ಹೋಗುವ ಮುನ್ನ ಮೂರೂ ಸಿಲಿಂಡರ್‌ಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಪ್ಲಗ್‌ಗಳನ್ನು ಬದಲಿಸಿ, ಇಂಟರ್‌ಕೂಲರ್ ಸುತ್ತಿನ ಕೂಲಂಟ್ ಮಟ್ಟ ಮತ್ತು ಅದರ ಎಲೆಕ್ಟ್ರಿಕ್ ಪಂಪ್ ಸರಿಯಾಗಿದೆಯೇ ಎಂದು ನೋಡಿಸಿ. ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟಿದ್ದರೆ ತೆಗೆಸಿ. ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೊಳೆಯಲು ಪೆಟ್ರೋಲ್ ಅಲ್ಲಿಗೆ ಬರುವುದೇ ಇಲ್ಲ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ 10ಕ್ಕಿಂತ ಹೆಚ್ಚು ದುರ್ಬಲವಾಗಿ ಕಂಡುಬಂದರೆ ರೀಮ್ಯಾಪ್‌ನ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿಸಿ. ಎಲ್ಲವೂ ಸರಿಯಿದ್ದರೆ, ಗರಿಷ್ಠ ಟಾರ್ಕ್, ಅದು ಪೂರ್ತಿಯಾಗಿ ಬರುವ ಆರ್‌ಪಿಎಂ, ಮೊದಲ ಎರಡು ಗೇರ್‌ಗಳ ಮಿತಿ ಮತ್ತು ಎತ್ತರದ ಕೋಷ್ಟಕಗಳ ಕುರಿತು ಒಪ್ಪಿದ್ದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ನಿಮ್ಮ ಇಸಿಯುನಿಂದ ಓದಿ ತೆಗೆದ ಮೂಲ ಫೈಲ್‌ನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪಡೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಘಾಟಿಯ ದಾಖಲೆಗಳು ತೃಪ್ತಿಕರವಾಗಿಲ್ಲದಿದ್ದರೆ ಅದೇ ದಿನ ಕಾರನ್ನು ಮೂಲ ಸ್ಥಿತಿಗೆ ಮರಳಿಸಿಕೊಡುವ ಷರತ್ತನ್ನೂ ಆ ಬಿಲ್ಲಿನಲ್ಲಿ ಸೇರಿಸಿ.